ಸರುಬಾಯಿ ಕಡ್ಡಿ ಗೀರಿರಲಿಲ್ಲ

ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ಕರೆಂಟು ಹೋಯಿತು. 2016ರ ಏಪ್ರಿಲ್, ಮೂರನೇ ವಾರದ ಬುಧವಾರ. ಹೊತ್ತು ಇಷ್ಟು ಖಚಿತವಾಗಿ ನೆನಪಿರಲು ಕಾರಣವಿದೆ. ಕರೆಂಟು ಹೋದ ಕೂಡಲೇ ರಜಿಸ್ಟರಿನಲ್ಲಿ ಗಂಟೆ ಬರೆಯುವುದು ನಮ್ಮ ಲ್ಯಾಬಿನ ನಿಯಮ. ಆ ದಿನದ ‘2.10’ ನನ್ನ ಕೈಬರಹದಲ್ಲಿದೆ. ಮನುಷ್ಯರಿಗಾಗಿ ಮಾಡಿದ ನಿಯಮ ಅದಲ್ಲ, ಫ್ಲಾಸ್ಕುಗಳಿಗಾಗಿ ಮಾಡಿದ್ದು.

ಬೀದರಿನ ಅಂಚಿನಲ್ಲಿರುವ ಕೊಳಾರ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಂಪನಿಯಲ್ಲಿ ನಾನು ಆಗ ಕಲ್ಚರ್ ವಿಭಾಗದ ಮುಖ್ಯಸ್ಥೆ. ಬಯೋಟೆಕ್ನಾಲಜಿಯಲ್ಲಿ ಎಂ.ಎಸ್ಸಿ. ಮುಗಿಸಿ, ಊರಾದ ಭಾಲ್ಕಿಯಿಂದ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದೆ. ನಮ್ಮ ಕೆಲಸ ಗಿಡವಿಲ್ಲದೆ ಗಿಡದ ಬಣ್ಣ ತೆಗೆಯುವುದು. ಕುಸುಬೆಯ ಎಳೆ ಮೊಳಕೆಯ ಒಂದು ಚೂರನ್ನು ಕ್ರಿಮಿಗಳಿಲ್ಲದ ಗಾಜಿನ ತಟ್ಟೆಯಲ್ಲಿಟ್ಟು, ಸಕ್ಕರೆ, ಲವಣ, ಹಾರ್ಮೋನು ಕೊಟ್ಟರೆ ಅದು ಎಲೆ ಬೇರು ಬಿಡದೆ ಬರೀ ಜೀವಕೋಶಗಳ ಮುದ್ದೆಯಾಗಿ ಬೆಳೆಯುತ್ತದೆ. ಅದಕ್ಕೆ ಕ್ಯಾಲಸ್ ಎನ್ನುತ್ತಾರೆ. ಆ ಮುದ್ದೆಯನ್ನು ದ್ರವ ತುಂಬಿದ ಫ್ಲಾಸ್ಕಿಗೆ ಹಾಕಿ, ಶೇಕರ್ ಎಂಬ ಯಂತ್ರದ ಮೇಲೆ ನಿಮಿಷಕ್ಕೆ ನೂರಹತ್ತು ಸುತ್ತಿನಂತೆ ತಿರುಗಿಸುತ್ತಿರಬೇಕು. ಸರಿಯಾದ ಹೊತ್ತಿಗೆ ಸರಿಯಾದ ರಾಸಾಯನಿಕದ ಪೆಟ್ಟು ಕೊಟ್ಟರೆ ಕೋಶಗಳು ಕೆಂಪು ಬಣ್ಣ ತಯಾರಿಸುತ್ತವೆ. ತುಟಿಗೆ ಹಚ್ಚುವ ಬಣ್ಣಕ್ಕೆ ಅದನ್ನು ಕೊಳ್ಳುವವರಿದ್ದರು. ಶೇಕರ್ ಬಹಳ ಹೊತ್ತು ನಿಂತರೆ ಕೋಶಗಳು ಉಸಿರುಗಟ್ಟಿ ಸಾಯುತ್ತವೆ.

ಅದು ಸಾಲಾಗಿ ಬಂದ ಬರದ ವರ್ಷ. ಔರಾದ ತಾಲ್ಲೂಕಿನಿಂದ ಬಸ್ಸುಗಳು ಜನರನ್ನು ತುಂಬಿಕೊಂಡು ಬಂದು ಬೀದರಿನಲ್ಲಿ ಇಳಿಸುತ್ತಿದ್ದವು. ಹಲವರು ಅಲ್ಲಿಂದ ಹೈದರಾಬಾದಿಗೆ ಹೋಗುತ್ತಿದ್ದರು, ಕೆಲವರು ಕೊಳಾರದಲ್ಲಿ ಉಳಿಯುತ್ತಿದ್ದರು. ನಮ್ಮ ಕಂಪನಿಗೆ ಬರವೇ ಜಾಹೀರಾತು. ಡೈರೆಕ್ಟರ್ ದಿಗಂಬರ ಸಾಹೇಬರು ಬಂದ ಅತಿಥಿಗಳಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು: “ಮಳಿ ಬ್ಯಾಡ, ಹೊಲ ಬ್ಯಾಡ. ಬಾಟಲಿಯಾಗ ಬೆಳಿತೀವಿ ನೋಡ್ರಿ.”

ಹಾಗೆ ಉಳಿದವರಲ್ಲಿ ಡಾಬಕಾದ ಸರುಬಾಯಿ ಒಬ್ಬಳು. ಕುರಿ ಸಾಕುವ ಮನೆತನ. ಮೇವಿಲ್ಲದೆ ಕುರಿ ಮಾರಿ ಗಂಡ ಬಂಡೆಪ್ಪನ ಜೊತೆ ಬಂದಿದ್ದಳು. ಬಂಡೆಪ್ಪ ಗೇಟಿನ ಕಾವಲು ಮತ್ತು ಸಾಮಾನು ಇಳಿಸುವ ಕೆಲಸಕ್ಕೆ, ಸರುಬಾಯಿ ಬಣ್ಣ ತೆಗೆಯುವ ಕೋಣೆಗೆ. ಫ್ಲಾಸ್ಕಿನಲ್ಲಿ ಕುಸುಬೆ ಬೆಳೆಯುತ್ತದೆ ಎಂದು ನಾನು ಮೊದಲ ದಿನ ತೋರಿಸಿದಾಗ ಅವಳು ಬಗ್ಗಿ, ತಿರುಗಿಸಿ ನೋಡಿ ನಕ್ಕಿದ್ದಳು. “ಅಕ್ಕೋರ, ನಮ್ಮ ಹೊಲದಾಗಿನ ಕುಸುಬಿ ಕೈಯೆಲ್ಲ ರಕ್ತ ಮಾಡ್ತದ್ರಿ. ಇದರ ಮುಳ್ಳು ಯಾರ್ ಕಿತ್ತುರು?” ಶಾಲೆಯಲ್ಲಿ ಕಲಿಸುವವರನ್ನು ಕರೆಯುವ ಹಾಗೆ ನನ್ನನ್ನು ಅವಳು ಕೊನೆಯವರೆಗೂ ‘ಅಕ್ಕೋರ’ ಎಂದೇ ಕರೆದಳು. ಬಣ್ಣ ಎಷ್ಟು ಹೊತ್ತಿಗೆ ಪೂರ್ತಿ ಇಳಿಯಿತು ಎಂದು ನನ್ನ ಯಂತ್ರಕ್ಕಿಂತ ಮೊದಲು ಅವಳ ಕಣ್ಣು ಹೇಳುತ್ತಿತ್ತು.

ಆ ಕೋಣೆಯ ಕೆಲಸ ತುಸು ವಿವರಿಸಬೇಕು. ಒಣಗಿಸಿದ ಕೋಶಗಳನ್ನು ಅಸಿಟೋನಿನಲ್ಲಿ ನೆನೆಸಿದರೆ ಬಣ್ಣ ಅದರೊಳಗೆ ಇಳಿಯುತ್ತದೆ. ಉಗುರುಬಣ್ಣ ಅಳಿಸಲು ಬಳಸುತ್ತಾರಲ್ಲ, ಅದೇ ದ್ರವ. ಆಮೇಲೆ ಅಸಿಟೋನನ್ನು ಕುದಿಸಿ ಹಾರಿಸಿದರೆ ತಳದಲ್ಲಿ ಬಣ್ಣ ಉಳಿಯುತ್ತದೆ. ಅದು ಐವತ್ತಾರು ಡಿಗ್ರಿಗೇ ಕುದಿಯುತ್ತದೆ. ಅದಕ್ಕಾಗಿ ಇಪ್ಪತ್ತು ಲೀಟರಿನ ಗಾಜಿನ ಬುರುಡೆಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿದ್ದೆವು. ಮೇಲೆದ್ದ ಆವಿ ಒಂದು ಗಾಜಿನ ಸುರುಳಿಯೊಳಗೆ ಹೋಗುತ್ತದೆ. ಸುರುಳಿಯ ಸುತ್ತ ತಣ್ಣೀರು ಹರಿಯುತ್ತಿದ್ದರೆ ಆವಿ ಮತ್ತೆ ದ್ರವವಾಗಿ ಡಬ್ಬಿಗೆ ಬೀಳುತ್ತದೆ. ತಣ್ಣೀರು ನಿಂತರೆ ಅದೇ ಆವಿ ಕೋಣೆಗೆ ಬರುತ್ತದೆ. ಗಾಳಿಗಿಂತ ಭಾರವಾದ್ದರಿಂದ ಮೇಲೇರುವುದಿಲ್ಲ, ನೆಲ ಹಿಡಿದು ಹರಿದಾಡುತ್ತದೆ. ಒಂದು ಕಿಡಿ ಸಾಕು.

ಬೋರ್‌ವೆಲ್ಲಿನಲ್ಲಿ ನೀರಿದ್ದಾಗ ನಳದ ನೀರೇ ಸುರುಳಿಯ ಸುತ್ತ ಹರಿದು ಹೊರಗೆ ಹೋಗುತ್ತಿತ್ತು. ಫೆಬ್ರುವರಿಯಲ್ಲಿ ಬೋರ್ ಬತ್ತಿತು. ಆಮೇಲೆ ಇನ್ನೂರು ಲೀಟರಿನ ಒಂದು ಡ್ರಮ್ಮಿನಲ್ಲಿ ಟ್ಯಾಂಕರ್ ನೀರು ತುಂಬಿ, ಬರ್ಫಿನ ಗಡ್ಡೆ, ಅಂದರೆ ಐಸು, ಹಾಕಿ, ಸಣ್ಣ ಪಂಪಿನಿಂದ ಅದೇ ನೀರನ್ನು ಸುತ್ತಿಸತೊಡಗಿದೆವು. ಅಂದರೆ ಈಗ ಕರೆಂಟು ಹೋದರೆ ತಣ್ಣೀರೂ ಹೋಯಿತು. ಬಿಸಿ ಮಾತ್ರ ಹೋಗುವುದಿಲ್ಲ. ತೊಟ್ಟಿಯ ನೀರು ಇನ್ನೂ ಅರ್ಧ ಗಂಟೆ ಕುದಿಸುತ್ತಲೇ ಇರುತ್ತದೆ.

ನಾನು ಎರಡು ಸಲ ಬರೆದು ಕೊಟ್ಟೆ, ಪಂಪಿಗೂ ಜನರೇಟರಿನ ಲೈನು ಕೊಡಿ ಎಂದು. ಜನರೇಟರು ಕಲ್ಚರ್ ಕೋಣೆಯ ಶೇಕರಿಗೆ ಮತ್ತು ಏಸಿಗೆ ಮಾತ್ರ ಇತ್ತು. ಎರಡನೇ ಸಲ ದಿಗಂಬರ ಸಾಹೇಬರು ಕಾಗದವನ್ನು ಓದದೆ ಮಡಚಿಟ್ಟು ಕೇಳಿದರು:

“ಶೇಕರ್ ನಿಂತ್ರ ಕೋಶ ಸಾಯ್ತಾವ. ಪಂಪ್ ನಿಂತ್ರ ಯಾರ್ ಸಾಯ್ತಾರ್ರಿ ಮೇಡಂ?”

ಪಕ್ಕದಲ್ಲಿದ್ದವರು ನಕ್ಕರು. ನಾನೂ ನಕ್ಕೆ. ಆ ನಗುವಿಗಾಗಿ ನನ್ನ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಸಿಟ್ಟಿಗೆ ಅದಕ್ಕಿಂತ ದೊಡ್ಡ ಕಾರಣವೂ ಇದೆ. ಕಲ್ಚರ್ ಲ್ಯಾಬಿನಲ್ಲಿ ಕಲಿತವರಿಗೆ ಒಂದು ಗೀಳು ಅಂಟಿಕೊಳ್ಳುತ್ತದೆ: ಮುಚ್ಚು. ಬಾಗಿಲು ಮುಚ್ಚು, ಕಿಟಕಿ ಮುಚ್ಚು, ಸಂದಿ ಮುಚ್ಚು. ಗಾಳಿಯಲ್ಲಿ ಬರುವ ಒಂದೇ ಒಂದು ಬೂಜಿನ ಕಣ ಇಡೀ ಫ್ಲಾಸ್ಕನ್ನು ಕೊಳೆಸುತ್ತದೆ. ಆ ಏಪ್ರಿಲ್ಲಿನಲ್ಲಿ ಬರಿದಾದ ಹೊಲಗಳ ಕೆಂಧೂಳು ದಿನಾ ಮಧ್ಯಾಹ್ನ ಎದ್ದು ಬರುತ್ತಿತ್ತು. ಒಂದೇ ವಾರದಲ್ಲಿ ಅರವತ್ತು ಫ್ಲಾಸ್ಕುಗಳಿಗೆ ಬೂಜು ಹಿಡಿಯಿತು. ಬಣ್ಣ ತೆಗೆಯುವ ಕೋಣೆಗೂ ಕಲ್ಚರ್ ಕೋಣೆಗೂ ನಡುವೆ ಒಂದೇ ಓಣಿ. ಧೂಳು ಆ ಕಡೆಯಿಂದ ಬರುತ್ತಿದೆ ಎಂದು ನಾನು ತೀರ್ಮಾನಿಸಿದೆ. ಅಲ್ಲಿನ ಎರಡೂ ಕಿಟಕಿಗಳಿಗೆ, ಎಕ್ಸಾಸ್ಟ್ ಫ್ಯಾನಿನ ಕಿಂಡಿಗೂ ಪ್ಲಾಸ್ಟಿಕ್ ಹಾಳೆ ಹೊದಿಸಿ ಅಗಲದ ಟೇಪು ಹಚ್ಚಿಸಿದೆ. ಆದೇಶ ರಜಿಸ್ಟರಿನಲ್ಲಿ ಬರೆದು ಕೆಳಗೆ ಸಹಿ ಮಾಡಿದೆ. ಯಾವ ಕೋಣೆಯನ್ನು ಸದಾ ತೆರೆದಿಡಬೇಕೋ ಅದನ್ನು ನಾನು ಡಬ್ಬಿಯಂತೆ ಮುಚ್ಚಿಸಿದೆ.

ಸರುಬಾಯಿ ಮಾರನೆಯ ದಿನವೇ ಬಂದು ಹೇಳಿದ್ದಳು. “ಅಕ್ಕೋರ, ವಾಸನಿಗಿ ತಲಿ ತಿರಗ್ತದ್ರಿ. ಒಂದ್ ಖಿಡಕಿನಾರ ತೆಗೀರಿ.” ನಾನು ಅವಳ ಕೈಗೆ ಬಟ್ಟೆಯ ಮಾಸ್ಕು ಕೊಟ್ಟೆ. ಆವಿಗೆ ಆ ಬಟ್ಟೆ ಅಡ್ಡವಲ್ಲ ಎಂದು ನನಗೆ ಗೊತ್ತಿತ್ತು. ಒಂದು ವಾರದ ಮಾತು ಎಂದುಕೊಂಡೆ. ಮುಂದಿನ ವಾರ ಮುಂಬೈಯಿಂದ ಖರೀದಿದಾರರು ಬರುವವರಿದ್ದರು.

ಆ ಬುಧವಾರಕ್ಕೆ ಮರಳುತ್ತೇನೆ. ಎರಡು ಹತ್ತಕ್ಕೆ ಕರೆಂಟು ಹೋಯಿತು. ಕ್ಷಣದಲ್ಲಿ ಜನರೇಟರು ಗುಡುಗಿ, ಶೇಕರುಗಳು ಮತ್ತೆ ತಿರುಗಿದವು. ನಾನು ಗಂಟೆ ಬರೆದೆ. ಆಮೇಲೆ ಅಭ್ಯಾಸದಂತೆ ಒಂದೊಂದೇ ಶೇಕರಿನ ಮುಂದೆ ನಿಂತು ವೇಗ ನೋಡುತ್ತ ಹೋದೆ. ಹನ್ನೆರಡು ನಿಮಿಷ. ಗೋಡೆಯ ಆಚೆ ಒಬ್ಬ ಹೆಂಗಸು ಕುದಿಯುವ ಅಸಿಟೋನಿನ ಎದುರು ಒಬ್ಬಳೇ ಇದ್ದಾಳೆ ಎಂಬುದು ಆ ಹನ್ನೆರಡು ನಿಮಿಷದಲ್ಲಿ ಒಮ್ಮೆಯೂ ನನ್ನ ತಲೆಗೆ ಬರಲಿಲ್ಲ.

ಓಣಿಗೆ ಬಂದಾಗ ಮೂಗಿಗೆ ಸಿಹಿ ಘಾಟು ಹೊಡೆಯಿತು. ಓಡಿದೆ. ಬಾಗಿಲಿನ ಗಾಜಿನಲ್ಲಿ ಸರುಬಾಯಿ ಕಂಡಳು. ಕಿಟಕಿಯ ಟೇಪನ್ನು ಉಗುರಿನಿಂದ ಕೆರೆಯುತ್ತಿದ್ದಳು. ಅರ್ಧ ಮೊಳ ಕಿತ್ತುಬಂದಿತ್ತು. ಬಿಟ್ಟು ಓಡಬಹುದಿತ್ತು. ಆದರೆ ಬುರುಡೆಯಲ್ಲಿ ಮೂರು ತಿಂಗಳ ಬಣ್ಣವಿದೆ, ಕೆಟ್ಟರೆ ಎಲ್ಲರ ಕೆಲಸ ಹೋಗುತ್ತದೆ ಎಂದು ಅವಳಿಗೆ ನಾವೇ ಹೇಳಿ ಹೇಳಿ ಇಟ್ಟಿದ್ದೆವು. ನಾನು ಬಾಗಿಲು ತಳ್ಳಿದೆ. ಅವಳು ತಿರುಗಿದಳು, ಕುಡಿದವರಂತೆ ಎರಡು ಹೆಜ್ಜೆ ಇಟ್ಟು ಹೊಸ್ತಿಲ ಬಳಿ ಕುಸಿದಳು. ನಾನು ಅವಳ ರಟ್ಟೆ ಹಿಡಿದು ಎಳೆದೆ.

ಆಗ ಕರೆಂಟು ಬಂತು. ಮೂಲೆಯಲ್ಲಿ ನೆಲದ ಮೇಲಿದ್ದ ವೋಲ್ಟೇಜ್ ಸ್ಟೆಬಿಲೈಜರ್ ‘ಟಕ್’ ಎಂದಿತು.

ಆ ‘ಟಕ್’ ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ. ಅದರ ಹಿಂದೆಯೇ ನೆಲದುದ್ದಕ್ಕೂ ನೀಲಿ ಬೆಂಕಿ ಹಾಸಿಕೊಂಡು ಬಂತು. ಸದ್ದೂ ದೊಡ್ಡದಲ್ಲ, ದೊಡ್ಡ ಬಟ್ಟೆಯನ್ನು ಯಾರೋ ಜಾಡಿಸಿದ ಹಾಗೆ. ಸರುಬಾಯಿಯ ಸೀರೆ ಹೊತ್ತಿತು. ನನ್ನ ಹುಬ್ಬು, ಎಡಗೈ ಸುಟ್ಟವು. ಎಳೆಯುವುದನ್ನು ಬಿಡಲಿಲ್ಲ ಎಂದು ಎಲ್ಲರೂ ಹೊಗಳುತ್ತಾರೆ. ನಿಜವೆಂದರೆ ಕೈ ಬಿಡಿಸಿಕೊಳ್ಳಲು ನನಗೆ ಆಗಲಿಲ್ಲ, ಅವಳು ಅಷ್ಟು ಗಟ್ಟಿಯಾಗಿ ಹಿಡಿದಿದ್ದಳು. ಗೇಟಿನಿಂದ ಓಡಿಬಂದ ಬಂಡೆಪ್ಪ ಬರ್ಫು ಮುಚ್ಚಿಟ್ಟಿದ್ದ ಹಸಿ ಗೋಣಿಚೀಲಗಳನ್ನು ಅವಳ ಮೇಲೆ ಹಾಕಿ ತಬ್ಬಿಕೊಂಡು ಅಂಗಳದಲ್ಲಿ ಉರುಳಿದ. ಒಳಗೆ ಬುರುಡೆ ಒಡೆದು ಕೋಣೆ ಉರಿಯಿತು. ಕಲ್ಚರ್ ಕೋಣೆಗೆ ಏನೂ ಆಗಲಿಲ್ಲ. ಅಷ್ಟೂ ಹೊತ್ತು ಶೇಕರುಗಳು ನಿಮಿಷಕ್ಕೆ ನೂರಹತ್ತು ಸುತ್ತು ತಿರುಗುತ್ತಲೇ ಇದ್ದವು.

ಸಂಜೆ ಐದಕ್ಕೆ ದಿಗಂಬರ ಸಾಹೇಬರು ದವಾಖಾನೆಗೆ ಬಂದರು. ಸರುಬಾಯಿಯ ಎರಡೂ ಕೈ, ಮೊಣಕಾಲಿನ ಕೆಳಗೆ ಎರಡೂ ಕಾಲು ಬೆಂದಿದ್ದವು. ಬದುಕುತ್ತಾಳೋ ಇಲ್ಲವೋ ಎಂದು ಡಾಕ್ಟರು ಇನ್ನೂ ಹೇಳಿರಲಿಲ್ಲ. ಸಾಹೇಬರು ಬಂಡೆಪ್ಪನ ಹೆಗಲು ತಟ್ಟಿ, “ಫಿಕರ್ ಮಾಡಬ್ಯಾಡಪ್ಪ” ಎಂದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದರು. “ಕಲ್ಚರ್ ಎಲ್ಲಾ ಸೇಫ್ ಅವ ಅಲ್ಲ?”

ಎರಡು ದಿನ ಬಿಟ್ಟು ಅವರ ಕೋಣೆಯಲ್ಲಿ ಒಂದು ಟೈಪು ಮಾಡಿದ ಕಾಗದ ನನ್ನ ಮುಂದೆ ಬಂತು. ಕಾರ್ಖಾನೆ ಇಲಾಖೆಗೆ ಕೊಡುವ ಅಪಘಾತದ ವರದಿ. ಅದರ ಪ್ರಕಾರ ಕೆಲಸಗಾರ್ತಿಯಾದ ಸರುಬಾಯಿ ನಿಯಮ ಮೀರಿ ಯಂತ್ರದ ಮುಂದೆ ಊದಿನಕಡ್ಡಿ ಹಚ್ಚಲು ಕಡ್ಡಿ ಗೀರಿದ್ದರಿಂದ ಬೆಂಕಿ ಹತ್ತಿತು. ಸಾಕ್ಷಿ: ನಾನು.

ಸುಳ್ಳನ್ನು ಬಹಳ ಜಾಣತನದಿಂದ ಆರಿಸಿದ್ದರು. ಊದಿನಕಡ್ಡಿಯ ರೂಢಿ ಇದ್ದದ್ದು ನಿಜ. ಮಂಗಳವಾರ, ಶುಕ್ರವಾರ ಕೆಲಸ ಶುರುಮಾಡುವ ಮೊದಲು ಸರುಬಾಯಿ ಅಂಗಳದ ಬೇವಿನ ಬುಡದಲ್ಲಿ ಎರಡು ಕಡ್ಡಿ ಚುಚ್ಚುತ್ತಿದ್ದಳು. ಒಳಗೆ ತರಬಾರದು ಎಂದು ನಾನೇ ಹೇಳಿದ್ದೆ, ಅವಳು ಒಮ್ಮೆಯೂ ತಂದಿರಲಿಲ್ಲ. ಬೆಂಕಿ ಬಿದ್ದದ್ದು ಬುಧವಾರ.

“ಸರ್, ಸ್ಟೆಬಿಲೈಜರ್ ಕಿಡಿಯಿಂದ ಹತ್ತಿದ್ದು. ನಾನು ಅಲ್ಲೇ ಇದ್ದೆ,” ಎಂದೆ.

ಅವರು ಧ್ವನಿ ಏರಿಸಲಿಲ್ಲ. “ಆವಿ ಯಾಕ ತುಂಬ್ತು? ಖಿಡಕಿ ಯಾರ್ ಮುಚ್ಚಿಸಿದ್ರು? ರಜಿಸ್ಟರ್‌ದಾಗ ನಿಮ್ಮ ಸಹಿ ಅದ್ರಿ ಮೇಡಂ. ಆಕಿಗಿ ದವಾಖಾನಿ ಖರ್ಚು ನಾವು ಕೊಡ್ತೀವಿ. ಆಕಿಗೇನ್ ನೌಕರಿ ಹೋಗ್ತದ, ಹೆಸರು ಹೋಗ್ತದ? ನೀವು ಕಲ್ತವರು, ನೀವು ಉಳೀಬೇಕಲ್ಲ?”

ಕಲಿತವಳಾದ ನಾನು ಆ ಕಾಗದವನ್ನು ಹರಿಯಲಿಲ್ಲ. ಸಹಿಯನ್ನೂ ಮಾಡಲಿಲ್ಲ. ಯೋಚಿಸುತ್ತೇನೆ ಎಂದು ಬ್ಯಾಗಿಗೆ ಹಾಕಿಕೊಂಡು ಭಾಲ್ಕಿ ಬಸ್ಸು ಹತ್ತಿದೆ. ಹನ್ನೊಂದು ದಿನ ಅದು ಬ್ಯಾಗಿನಲ್ಲೇ ಇತ್ತು. ನಿದ್ದೆ ಹೋಗಿತ್ತು. ಮನೆಯ ಫ್ರಿಜ್ಜು ಟಕ್ ಎಂದರೆ ಎದ್ದು ಕೂರುತ್ತಿದ್ದೆ. ಕರೆಂಟು ಹೋದರೆ ಭಯವಿರಲಿಲ್ಲ. ಮತ್ತೆ ಬರುವ ಕ್ಷಣಕ್ಕೆ ಕಾಯುತ್ತ ಮೈ ಬೆವರುತ್ತಿತ್ತು. ಸತ್ಯ ಬರೆದರೆ ನನ್ನ ತಪ್ಪನ್ನೂ ಬರೆಯಬೇಕು. ಸುಮ್ಮನಿದ್ದರೆ ಹೇಗಾದರೂ ದಾಟುತ್ತದೆ ಎಂದು ಒಳಗೊಬ್ಬಳು ಹೇಳುತ್ತಿದ್ದಳು. ಆ ಒಳಗಿನವಳನ್ನು ನಾನು ಚೆನ್ನಾಗಿ ಬಲ್ಲೆ. ಪಂಪಿನ ಮಾತಿಗೆ ನಕ್ಕವಳು ಅವಳೇ.

ಹನ್ನೆರಡನೇ ದಿನ ದವಾಖಾನೆಗೆ ಹೋದೆ. ಸರುಬಾಯಿ ಬದುಕುತ್ತಾಳೆ ಎಂದು ಖಚಿತವಾಗಿತ್ತು. ಕೈಗಳೆರಡೂ ಬಿಳಿ ಪಟ್ಟಿಯೊಳಗಿದ್ದವು. ಬಂಡೆಪ್ಪ ಚಮಚದಿಂದ ಗಂಜಿ ಕುಡಿಸುತ್ತಿದ್ದ. ನನ್ನನ್ನು ನೋಡಿ ಎದ್ದು ನಿಂತ. ಸರುಬಾಯಿಯೇ ಕೇಳಿದಳು.

“ಅಕ್ಕೋರ, ಒಂದ್ ಮಾತ್ ಕೇಳ್ತೀನ್ರಿ. ನಾ ಕಡ್ಡಿ ಗೀರೀನೇನ್ರಿ?”

“ಹಂಗ್ಯಾಕ ಕೇಳ್ತಿ?” ಎಂದೆ.

“ಆಫೀಸಿನ್ಯಾಗಿನವ್ರು ಬಂದಿದ್ರು. ನೀನೇ ಹಚ್ಚೀದಿ ಅಂದುರು. ನಮ್ಮ ಊರವ್ರೂ ಹಂಗೇ ಅಂತಾರಂತ. ನನಗ ಖಿಡಕಿ ತನಕ ನೆನಪದ, ಮುಂದ ಇಲ್ಲ. ಹಚ್ಚಿದ್ದೆನೇನೋ ಮತ್ತ? ನಿಮ್ಮ ಕೈ ನನ್ನಿಂದ ಸುಟ್ತೇನ್ರಿ?”

ನನ್ನ ವೃತ್ತಿಜೀವನದಲ್ಲಿ ಇದಕ್ಕಿಂತ ದೊಡ್ಡ ಕಳ್ಳತನವನ್ನು ನಾನು ನೋಡಿಲ್ಲ. ಕೈ ಸುಟ್ಟದ್ದು ಸಾಲದೆಂದು ಅವಳ ನೆನಪಿನ ಖಾಲಿ ಜಾಗಕ್ಕೂ ನುಗ್ಗಿ ಅಲ್ಲೊಂದು ಬೆಂಕಿಕಡ್ಡಿ ಇಟ್ಟು ಬಂದಿದ್ದರು. ಆ ಜಾಗ ಹನ್ನೊಂದು ದಿನ ಖಾಲಿ ಇದ್ದದ್ದು ನಾನು ಬಾಯಿ ಮುಚ್ಚಿಕೊಂಡಿದ್ದರಿಂದ.

“ಇಲ್ಲ ಸರುಬಾಯಿ. ನೀ ಹಚ್ಚಿಲ್ಲ. ಕರೆಂಟ್ ಬಂದ್ ಕೂಡ್ಲೆ ಮೂಲ್ಯಾಗಿನ ಸ್ಟೆಬಿಲೈಜರ್ ಡಬ್ಬಿಯಾಗ ಕಿಡಿ ಹಾರ್ತು. ನಾ ಕೇಳೀನಿ, ನಾ ನೋಡೀನಿ. ಖಿಡಕಿ ಮುಚ್ಚಿಸಿದಾಕಿ ನಾನು.”

ಅವಳು ಮೇಲಿನ ಫ್ಯಾನು ನೋಡುತ್ತ, “ನಾ ಹೇಳಿದ್ನೆಲ್ಲರಿ, ಒಂದ್ ಖಿಡಕಿನಾರ ತೆಗೀರಿ ಅಂತ,” ಎಂದಳು. ಬಂಡೆಪ್ಪ ಬಾಗಿಲು ತೋರಿಸಿ, “ನೀವೀಗ ಹೋಗ್ರಿ,” ಎಂದ.

ಹೋದೆ. ನೇರವಾಗಿ ಕಾರ್ಖಾನೆ ಇಲಾಖೆಯ ಇನ್ಸ್‌ಪೆಕ್ಟರರ ಬಳಿ. ಅಲ್ಲಿಯೇ ಕುಳಿತು ಏಳು ಪುಟ ಬರೆದೆ. ಬೋರ್ ಬತ್ತಿದ್ದು, ಡ್ರಮ್ಮು, ಪಂಪು, ನನ್ನ ಎರಡು ಪತ್ರ, ಅದಕ್ಕೆ ಸಿಕ್ಕ ಉತ್ತರ, ಟೇಪು, ರಜಿಸ್ಟರು, ಬಟ್ಟೆಯ ಮಾಸ್ಕು, ಹನ್ನೆರಡು ನಿಮಿಷ. ಸಹಿ ಮಾಡದ ಆ ಟೈಪು ಕಾಗದವನ್ನೂ ಲಗತ್ತಿಸಿದೆ. ಇನ್ಸ್‌ಪೆಕ್ಟರರು ಓದಿ, “ಇದರಿಂದ ನಿಮಗೂ ತೊಂದರೆ ಆಗ್ತದೆ, ಗೊತ್ತಲ್ಲ?” ಎಂದರು. ಗೊತ್ತು ಎಂದೆ. ಮರುದಿನ ಗೇಟಿನಲ್ಲಿ ನನ್ನನ್ನು ಒಳಗೆ ಬಿಡಲಿಲ್ಲ.

ವಿಚಾರಣೆಗೆ ನಾಲ್ಕು ತಿಂಗಳು ಹಿಡಿಯಿತು. ಸುಟ್ಟ ಸ್ಟೆಬಿಲೈಜರನ್ನು ಬಿಚ್ಚಿ ನೋಡಿದರು. ಜನರೇಟರಿನ ವೈರಿಂಗ್ ನೋಡಿದರು. ಕೋಣೆಯಲ್ಲಿ ಬೆಂಕಿಪೆಟ್ಟಿಗೆಯಾಗಲಿ ಊದಿನಕಡ್ಡಿಯ ಬೂದಿಯಾಗಲಿ ಸಿಕ್ಕಿರಲಿಲ್ಲ ಎಂದು ಬೆಂಕಿ ನಂದಿಸಿದವರು ಹೇಳಿದರು. ವಿಚಾರಣೆಯಲ್ಲಿ ದಿಗಂಬರ ಸಾಹೇಬರು ನನ್ನತ್ತ ಬೆರಳು ಮಾಡಿ, “ಈಕಿನೇ ಮುಚ್ಚಿಸಿದಾಕಿ, ಈಗ ಈಕಿನೇ ಸಾಕ್ಷಿ!” ಎಂದು ಕೂಗಿದರು. ಅವರ ಬಾಯಿಂದ ನಾನು ಕೇಳಿದ ಒಂದೇ ಒಂದು ಪೂರ್ತಿ ನಿಜ ಅದು. ಕೊನೆಗೆ ವರದಿ ಬಂತು. ಸರುಬಾಯಿಗೆ ಪರಿಹಾರ ಕೊಡಬೇಕೆಂದೂ ಆಯಿತು. ನನ್ನ ಆದೇಶವನ್ನು ಗಂಭೀರ ನಿರ್ಲಕ್ಷ್ಯ ಎಂದು ದಾಖಲಿಸಿದರು. ಮುಂದೆ ಯಾವ ಕಂಪನಿಯೂ ನನ್ನನ್ನು ತೆಗೆದುಕೊಳ್ಳಲಿಲ್ಲ. ಈಗ ಭಾಲ್ಕಿಯ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ.

ವರದಿಯ ಪ್ರತಿ ಕೈಗೆ ಬಂದ ಗುರುವಾರ ನಾನು ಔರಾದ ಬಸ್ಸು ಹಿಡಿದು, ಅಲ್ಲಿಂದ ಟಮ್‌ಟಮ್ ಆಟೋದಲ್ಲಿ ಡಾಬಕಾಕ್ಕೆ ಹೋದೆ. ಸರುಬಾಯಿಯ ಮನೆ ಕೇಳಿದರೆ ಕಟ್ಟೆಯ ಮೇಲಿದ್ದ ಮುದುಕನೊಬ್ಬ, “ಯಾ ಸರುಬಾಯಿ? ಕಡ್ಡಿ ಸರುಬಾಯಿನಾ?” ಎಂದ. ಊರು ಅವಳಿಗೆ ಆ ಹೆಸರಿಟ್ಟಿತ್ತು. ಕಂಪನಿ ಸುಟ್ಟವಳು, ಅಲ್ಲಿ ದುಡಿಯುತ್ತಿದ್ದ ಊರಿನ ನಾಲ್ಕು ಮನೆಯವರ ಕೆಲಸ ಕಳೆದವಳು. ಹೆಸರು ಹೋಗಲು ಅವಳಿಗೇನಿದೆ ಎಂದು ದಿಗಂಬರ ಸಾಹೇಬರು ಕೇಳಿದ್ದರಲ್ಲ, ಹೋದದ್ದು ಇದು.

ಸರುಬಾಯಿ ಅಂಗಳದಲ್ಲಿದ್ದಳು. ಬೆರಳುಗಳು ಅರ್ಧ ಮಡಚಿಕೊಂಡೇ ಉಳಿದಿದ್ದವು. ಬಂದ ಕಾರಣ ಹೇಳಿದೆ. ಅವಳು ಕೂರು ಅನ್ನಲಿಲ್ಲ. “ತಡೀರಿ,” ಎಂದು ಹೊರಗೆ ಹೋಗಿ ಅಕ್ಕಪಕ್ಕದವರನ್ನು, ಕಟ್ಟೆಯ ಮೇಲಿದ್ದವರನ್ನು ಕರೆತಂದಳು. “ಓ ಕಾಕಾ, ನೀನೂ ಬಾ. ದಿನಾ ಅಂತಿದ್ದೆಲ್ಲ, ಇವತ್ತ ಕೇಳು ಬಾ.”

“ಬಂದೆನವಾ. ಕಡ್ಡಿ ಗಿಡ್ಡಿ ಹಚ್ಚಬ್ಯಾಡ ಮತ್ತ,” ಎಂದು ಆ ಮುದುಕ ನಗುತ್ತ ಕೂತ. ಯಾರೂ ಜೊತೆಗೆ ನಗಲಿಲ್ಲ.

ನಾನು ಓದಿದೆ: ಬೆಂಕಿಗೆ ಕೆಲಸಗಾರ್ತಿ ಯಾವ ರೀತಿಯಲ್ಲೂ ಕಾರಣಳಲ್ಲ.

“ಇನ್ನೊಮ್ಮೆ ಓದ್ರಿ.”

ಓದಿದೆ.

“ನಿಮ್ಮ ಹೆಸರು ಅದ ಏನ್ರಿ ಅದರಾಗ?”

“ಅದ.”

“ಅದನೂ ಓದ್ರಿ.”

ಕಿಟಕಿ ಮುಚ್ಚಿಸಿದ ಆದೇಶ ನನ್ನದೆಂಬ ಸಾಲನ್ನು, ಅಷ್ಟು ಜನರ ಮುಂದೆ, ಗಟ್ಟಿಯಾಗಿ ಓದಿದೆ. ಹಿಂದಿನಿಂದ ಯಾವುದೋ ಹೆಂಗಸು, “ಥೂ,” ಎಂದಳು. ನಾನು ತಲೆ ಎತ್ತಲಿಲ್ಲ. ಸರುಬಾಯಿ ಮುದುಕನ ಕಡೆ ತಿರುಗಿ, “ಕೇಳಿದೆನು ಕಾಕಾ? ಇನ್ನ ಯಾರರೆ ಅಂದ್ರ ನಾ ಸುಮ್ಮನ ಬಿಡಂಗಿಲ್ಲ,” ಎಂದಳು. ಮುದುಕ ತಲೆಗೆ ಸುತ್ತಿದ ಪಟಗ ಸರಿಮಾಡಿಕೊಂಡು, “ತಪ್ಪಾತವಾ,” ಎಂದು ಎದ್ದು ಹೋದ.

ಎಲ್ಲರೂ ಹೋದ ಮೇಲೆ ಅವಳು ಹೇಳಿದಳು: “ನಿಮ್ಮ ಮ್ಯಾಲ ಸಿಟ್ಟದ್ರಿ ನನಗ. ಹೋಗಂಗಿಲ್ಲ ಅದು. ಸುಳ್ಳ್ ಯಾಕ ಹೇಳ್ಲಿ.” ಒಳಗೆ ಹೋಗುತ್ತ, “ಬಸ್ ಹೋತು. ಉಂಡು ಮಕ್ಕೋರಿ,” ಎಂದಳು.

ಕ್ಷಮೆಯನ್ನು ನಾನು ಕೇಳಲಿಲ್ಲ, ಅವಳು ಕೊಡಲೂ ಇಲ್ಲ. ಈಗ ನನ್ನ ವಿದ್ಯಾರ್ಥಿಗಳಿಗೆ ಲ್ಯಾಬಿನ ಮೊದಲ ದಿನ ನಾನು ಹೇಳುವುದು ಇಷ್ಟೆ: ಅವಘಡವಾದಾಗ ವರದಿಯಲ್ಲಿ ಮೊದಲು ಬೀಳುವ ಹೆಸರು ಎಲ್ಲರಿಗಿಂತ ಕಡಿಮೆ ಕೂಲಿಯವರದು. ಅದಕ್ಕೆ ಮೊದಲು ನಿಮ್ಮ ಹೆಸರನ್ನು ಬರೆಯಿರಿ, ನೀವು ಮಾಡಿದ್ದನ್ನು ಬರೆಯಿರಿ. ಆಮೇಲೆ ಉಳಿದವರದು ಬರೆಯುವ ಹಕ್ಕು ನಿಮಗೆ ಬರುತ್ತದೆ. ಹನ್ನೊಂದು ದಿನ ತಡಮಾಡಬೇಡಿ.

ಅಂದು ಸರುಬಾಯಿಯ ಮನೆಯಲ್ಲಿ ಜೋಳದ ರೊಟ್ಟಿ ಉಂಡು, ಅಂಗಳದಲ್ಲಿ ಕಂಬಳಿ ಹಾಸಿ ಮಲಗಿದೆ. ಕಣ್ಣು ಬಿಟ್ಟಾಗ ಬಿಸಿಲು ಮುಖದ ಮೇಲಿತ್ತು. ಬಂಡೆಪ್ಪ ಹಲ್ಲುಜ್ಜುತ್ತ ನಿಂತಿದ್ದ. “ರಾತ್ರಿ ನಾಕ್ ಸಲ ಕರೆಂಟ್ ಹೋಗಿ ಬಂತ್ರಿ,” ಎಂದ, “ನಿಮಗ ಖಬರೇ ಇದ್ದಿಲ್ಲ.”